ತಮಾಲೆ ಮುನಿಸಿಕೊಳ್ಳುವ ದಿನ

ಹಲ್ಲಿಗೆ ಏನೋ ಕಟಕ್ಕೆಂದು ಸಿಕ್ಕಿದಾಗ ನೊಯೆಮಿಗೆ ಮೊದಲು ಹೊಳೆದದ್ದು, ನುಂಗಿಬಿಡೋಣ ಎಂದು.

ಮೂವರು ಅರಸರ ಹಬ್ಬದ ರೋಸ್ಕಾ ಮೇಜಿನ ಮೇಲೆ ಅರ್ಧ ಕರಗಿತ್ತು. ಉಂಗುರದಂಥ ಆ ಸಿಹಿ ರೊಟ್ಟಿಯೊಳಗೆ ಬೆರಳ ತುದಿಯಷ್ಟು ಬಾಲಯೇಸುವಿನ ಗೊಂಬೆಯೊಂದು ಅಡಗಿರುತ್ತದೆ. ಯಾರ ತುಂಡಿನಲ್ಲಿ ಅದು ಬರುತ್ತದೋ ಅವರು ಫೆಬ್ರವರಿಯ ಕಾಂದೆಲಾರಿಯಾ ಹಬ್ಬಕ್ಕೆ ಬಂಧುಬಳಗಕ್ಕೆಲ್ಲ ತಮಾಲೆ, ಅಂದರೆ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ಜೋಳದ ಹಿಟ್ಟಿನ ಕಡುಬು, ಬೇಯಿಸಿ ಹಾಕಬೇಕು. ಆ ಕೆಲಸಕ್ಕೆ ಹೆದರಿ ಗೊಂಬೆಯನ್ನೇ ನುಂಗಿ ಸುಮ್ಮನೆ ಕೂತವರು ಪುಎಬ್ಲಾ ಊರಿನ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ.

"ಅಮ್ಮನ ಬಾಯಲ್ಲಿದೆ! ಗೊಂಬೆ ಅಮ್ಮನ ಬಾಯಲ್ಲಿದೆ!" ಹತ್ತು ವರ್ಷದ ಆಬೆಲ್ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ. ಅವನು ಕುರ್ಚಿಯ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು.

ನೊಯೆಮಿ ಗೊಂಬೆಯನ್ನು ಅಂಗೈಗೆ ಉಗಿದಳು. ಮೇಜಿನ ಸುತ್ತ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾದಿನಿ ಒಬ್ದುಲಿಯಾ.

"ಇವಳಾ? ಇವಳು ತಮಾಲೆ ಮಾಡೋದಾ? ಕಾಂದೆಲಾರಿಯಾ ಹಬ್ಬ ಈ ವರ್ಷ ಎರಡು ತಿಂಗಳು ತಡವಾಗಿ, ಪಾಸ್ಕ ಹಬ್ಬದ ದಿನ ಬರುತ್ತೆ ಅನ್ನಿ!"

ಅತ್ತೆ ಹಸಿಂತಾ ನಗಲಿಲ್ಲ. ಮನೆ ಅವಳದು, ಮೇಜು ಅವಳದು, ಆ ಬೀದಿಯಲ್ಲಿ ತಮಾಲೆಯ ಹೆಸರೂ ಅವಳದೇ. "ಬಿಡು, ನಾನೇ ಮಾಡ್ತೀನಿ," ಎಂದು ಕೈಚಾಚಿದಳು, ಗೊಂಬೆ ಕೊಡು ಎನ್ನುವಂತೆ.

"ಬೇಡ ಅತ್ತೆ. ನನ್ನ ಬಾಯಿಗೆ ಬಂದಿದೆ, ನಾನೇ ಮಾಡ್ತೀನಿ."

"ಹೋದ ವಾರ ಹುರುಳಿ ಒಲೆ ಮೇಲಿಟ್ಟು ಮರೆತು ಪಾತ್ರೆ ಸುಟ್ಟವಳು ನೀನು."

"ಪಾತ್ರೆ ಉಜ್ಜಿದ್ದೂ ನಾನೇ."

ಆಬೆಲ್‌ನ ತಂಗಿ, ಏಳು ವರ್ಷದ ಲುಸೆರೊ, ಮೇಜಿನ ಕೆಳಗೆ ಕೂತು ರೋಸ್ಕಾದ ಅಂಚನ್ನಷ್ಟೇ ಕಚ್ಚುತ್ತಿದ್ದಳು. ಹಣ್ಣಿನ ಚೂರುಗಳನ್ನು ಬಿಡಿಸಿ ಬಣ್ಣ ಬಣ್ಣಕ್ಕೊಂದು ಸಾಲು ಮಾಡಿ ನೆಲದ ಮೇಲಿಟ್ಟಿದ್ದಳು. ಕಿವಿಗೆ ದೊಡ್ಡ ಹಳದಿ ಹೆಡ್‌ಫೋನು. ಹಾಡು ಕೇಳಲಿಕ್ಕಲ್ಲ, ಏನೂ ಕೇಳದಿರಲಿಕ್ಕೆ. ಒಬ್ದುಲಿಯಾ ಬಗ್ಗಿ ಅವಳನ್ನು ನೋಡಿ, ಮತ್ತೆ ಎದ್ದು ತನ್ನ ಅಣ್ಣನ ಕಡೆ ತಿರುಗಿದಳು.

"ಎಲಿಸೆಯೊ, ನಾನು ಹೇಳಿದ್ದು ಯೋಚನೆ ಮಾಡಿದ್ಯಾ? ಅಟ್ಲಿಸ್ಕೋದಲ್ಲಿ ನಮ್ಮನೆ ಎಷ್ಟು ಶಾಂತ. ನನಗೂ ಮಕ್ಕಳಿಲ್ಲ. ಮಗು ಒಂದು ವರ್ಷ ನನ್ನ ಹತ್ರ ಇರ್ಲಿ. ಇಲ್ಲಿ ನೋಡು, ಒಬ್ಬ ಮಾಡು ಹತ್ತುತ್ತಾನೆ, ಒಬ್ಬಳು ಮೇಜಿನ ಕೆಳಗೆ, ಇನ್ನು ನೋಡ್ಕೋಬೇಕಾದವಳು..."

"ನೋಡ್ಕೋಬೇಕಾದವಳು ಇಲ್ಲೇ ಕೂತಿದ್ದಾಳೆ, ನಿನ್ನೆದುರಿಗೇ," ಎಂದಳು ನೊಯೆಮಿ.

"ಒಂದು ಹಬ್ಬದ ಅಡುಗೆ," ಎಂದಳು ಹಸಿಂತಾ, ಚಾಕುವನ್ನು ಮೇಜಿನ ಮೇಲಿಟ್ಟು. "ಒಂದೇ ಒಂದು. ಜನ ಚರ್ಚಿಂದ ಬರೋ ಹೊತ್ತಿಗೆ ಸರಿಯಾಗಿ ಬೆಂದ ತಮಾಲೆ ಮೇಜಿನ ಮೇಲಿದ್ರೆ ನಾನು ಈ ಮಾತೇ ಎತ್ತಲ್ಲ. ಇಲ್ಲ ಅಂದ್ರೆ ಮಗು ಒಬ್ದುಲಿಯಾ ಜೊತೆ ಹೋಗ್ಲಿ."

ನೊಯೆಮಿ ಗಂಡನ ಕಡೆ ನೋಡಿದಳು. ಎಲಿಸೆಯೊ ಇಡೀ ದಿನ ಮಿನಿಬಸ್ಸು ಓಡಿಸಿ ಬಂದಿದ್ದ. ತಟ್ಟೆಯಲ್ಲಿದ್ದ ಪುಡಿಯನ್ನು ಬೆರಳಿಗೆ ಅಂಟಿಸಿ ಅಂಟಿಸಿ ತಿನ್ನುತ್ತಿದ್ದ.

"ನಿನ್ನ ನಾಲಿಗೆಯಲ್ಲೂ ಗೊಂಬೆ ಸಿಕ್ಕಿಹಾಕ್ಕೊಂಡಿದೆಯಾ?" ಎಂದು ಕೇಳಿದಳು.

"ಹಬ್ಬ ಬರ್ಲಿ. ನೋಡೋಣ," ಎಂದ ಅವನು.

ಮೇಜಿನ ಕೆಳಗಿನಿಂದ ಒಂದು ಕೈ ಬಂದು ನೊಯೆಮಿಯ ಲಂಗದ ಅಂಚನ್ನು ಹಿಡಿದುಕೊಂಡಿತು. ಹೆಡ್‌ಫೋನಿನೊಳಗೂ ಕೆಲವು ಮಾತುಗಳು ನುಸುಳುತ್ತವೆ.

*

ಜನವರಿಯೆಂದರೆ ನೊಯೆಮಿಗೆ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳು. ಕಾಂದೆಲಾರಿಯಾ ದಿನ ಪ್ರತಿ ಮನೆಯವರೂ ತಮ್ಮ ಬಾಲಯೇಸುವಿನ ಮೂರ್ತಿಗೆ ಹೊಸ ಬಟ್ಟೆ ತೊಡಿಸಿ, ಬುಟ್ಟಿಯಲ್ಲಿ ಮಲಗಿಸಿ ಚರ್ಚಿಗೆ ಹೊತ್ತೊಯ್ಯುತ್ತಾರೆ. ಆ ಬಟ್ಟೆ ಹೊಲಿಯುವವಳು ನೊಯೆಮಿ. ಬೀದಿಗೆ ತೆರೆದ ಮುಂಗೋಣೆಯ ತುಂಬ ಗಾರೆಯ ಮಕ್ಕಳು ಬರಿಮೈಯಲ್ಲಿ ಕಾಲೆತ್ತಿ ಮಲಗಿ, ತಮ್ಮ ಸರದಿಗೆ ಕಾಯುತ್ತಿದ್ದವು. ಮೂಗು ಮುರಿದದ್ದು, ಬೆರಳು ಹೋದದ್ದು, ತಲೆಮಾರುಗಳು ಮುತ್ತಿಟ್ಟು ಕೆನ್ನೆಯ ಬಣ್ಣ ಸವೆದದ್ದು.

ನೊಯೆಮಿಯ ರವಿಕೆಯ ಅಂಚಿನಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಒಂದು ಕೆಲಸಕ್ಕೆ ಒಂದು ಕ್ಲಿಪ್ಪು. ಕೆಂಪು ಕ್ಲಿಪ್ಪು ಆಬೆಲ್‌ನನ್ನು ಶಾಲೆಯಿಂದ ಕರೆತರಲಿಕ್ಕೆ, ನೀಲಿಯದು ಒಲೆಗೆ, ಹಸಿರಿನದು ಬೆಳಗಿನ ಮಾತ್ರೆಗೆ. ಕೆಲಸ ಮುಗಿದ ಮೇಲೆ ಕ್ಲಿಪ್ಪು ಅಂಗಳದ ತಂತಿಗೆ ವಾಪಸು. ಕೆಲವು ದಿನ ಅವಳು ಮಾರುಕಟ್ಟೆಗೆ ಹೊರಟರೆ ಒಗೆದ ಬಟ್ಟೆಯೇ ಎದ್ದು ನಡೆದಂತೆ ಕಾಣುತ್ತಿತ್ತು. ತರಕಾರಿಯವಳು, "ಏನಮ್ಮಾ, ಇವತ್ತು ನಿನ್ನನ್ನ ಯಾರು ಒಣಹಾಕಿದ್ದು?" ಎಂದು ಕೇಳುತ್ತಿದ್ದಳು. "ಇನ್ನೂ ಒಣಗಿಲ್ಲ, ಮುಟ್ಟಬೇಡ," ಎಂದು ನೊಯೆಮಿ ಚೌಕಾಸಿಗೆ ಇಳಿಯುತ್ತಿದ್ದಳು.

ಈ ಕ್ಲಿಪ್ಪು ಬಂದದ್ದು ಹೋದ ವರ್ಷ. ಲುಸೆರೊಳನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಇದು ಆಟಿಸಂ ಎಂದು ಹೇಳಿದ ಡಾಕ್ಟರಮ್ಮ ಅಣ್ಣನನ್ನೂ ಒಮ್ಮೆ ಕರೆತನ್ನಿ ಎಂದರು. ಆಬೆಲ್ ಅವರ ಕುರ್ಚಿಯನ್ನು ಗಿರಗಿರ ತಿರುಗಿಸಿ ಬೀಳಿಸಿದ. ಅವನಿಗೆ ಎಡಿಎಚ್‌ಡಿ ಎಂದರು. ಮನಸ್ಸು ಒಂದು ಕಡೆ ನಿಲ್ಲದು, ನಿಂತರೆ ಅಲ್ಲಿಂದ ಏಳದು. ಆಮೇಲೆ ನೊಯೆಮಿಯನ್ನು ನೋಡಿ, "ನೀವು ಬೆಳಗಿಂದ ಮೂರು ಸಲ ನಿಮ್ಮ ಚೀಲ ಹುಡುಕಿದ್ರಿ, ಅದು ನಿಮ್ಮ ಹೆಗಲ ಮೇಲೇ ಇದೆ. ನಿಮ್ಮದೂ ನೋಡೋಣವಾ?" ಎಂದರು.

ಮೂವತ್ತಾರು ವರ್ಷ ಪೆದ್ದಿ, ಬೇಜವಾಬ್ದಾರಿ, ತಲೆಯಲ್ಲಿ ಹೊಟ್ಟು ತುಂಬಿದವಳು ಎನ್ನಿಸಿಕೊಂಡದ್ದಕ್ಕೆ ನಾಲ್ಕಕ್ಷರದ ಒಂದು ಹೆಸರಿತ್ತು. ಮನೆಗೆ ಬಂದು ಹೇಳಿದಾಗ ಅತ್ತೆ, "ನಮ್ಮ ಕಾಲದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ವಿ, ಮಾತ್ರೆ ಇರ್ಲಿಲ್ಲ," ಎಂದಿದ್ದಳು.

ಕ್ಲಿಪ್ಪುಗಳೇನೂ ಪವಾಡ ಮಾಡಲಿಲ್ಲ. ಹಬ್ಬಕ್ಕೆ ಎರಡು ವಾರವಿದ್ದಾಗ ಒಂದು ಮಧ್ಯಾಹ್ನ ಅವಳು ಬಿಳಿ ರೇಷ್ಮೆಯ ಪುಟ್ಟ ನಿಲುವಂಗಿಗೆ ಜರಿ ಅಂಚು ಹಾಕುತ್ತಿದ್ದಳು. ಸೂಜಿ ಓಡಿತು, ಜರಿ ತಿರುಗಿತು, ಲೋಕ ಅಷ್ಟಗಲದ ಬಟ್ಟೆಯೊಳಗೆ ಸೇರಿಹೋಯಿತು. ಕೆಂಪು ಕ್ಲಿಪ್ಪು ರವಿಕೆಯಲ್ಲೇ ಇತ್ತು. ಶಾಲೆ ಬಿಡುವ ಹೊತ್ತಿಗೆ ಫೋನಿನ ಅಲಾರಂ ಕೂಗಿದ್ದನ್ನು ಅವಳೇ ಕೈಯಾರೆ ನಿಲ್ಲಿಸಿದ್ದಳಂತೆ. ಅವಳಿಗೆ ಅದೂ ಗೊತ್ತಿಲ್ಲ.

ಆಬೆಲ್ ಒಬ್ಬನೇ ನಡೆದು ಬಂದ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ.

"ಬೂಟೆಲ್ಲೋ?" ಎಂದಳು ಹಸಿಂತಾ.

"ನಾಯಿಗೆ ಎಸೆದೆ. ವಾಪಸು ತರುತ್ತೇನೋ ಅಂತ. ತರಲಿಲ್ಲ."

"ದೊಡ್ಡ ರಸ್ತೆ ದಾಟಿ ಬಂದ್ಯಾ ಒಬ್ನೇ?"

"ಮತ್ತೆ ಹಾರಿ ಬರ್ಲಾ, ಅಜ್ಜಿ?"

ಹಸಿಂತಾ ಮುಂಗೋಣೆಯ ಬಾಗಿಲಲ್ಲಿ ಬಂದು ನಿಂತಳು. "ಗಾರೆ ಮಕ್ಕಳಿಗೆ ಜರಿ ಅಂಗಿ. ಹೊಟ್ಟೇಲಿ ಹುಟ್ಟಿದ ಮಗ ಬೀದೀಲಿ."

ನೊಯೆಮಿ ಸೂಜಿ ಕೆಳಗಿಟ್ಟಳು. ಮಗನ ಧೂಳು ಕಾಲನ್ನು ಮಡಿಲಲ್ಲಿಟ್ಟುಕೊಂಡು ಒರೆಸಿದಳು. "ತಪ್ಪಾಯ್ತು ಕಣೋ. ನಾಳೆಯಿಂದ ಪಕ್ಕದ ಮನೆ ಇನೆಸ್‌ನ ಕೇಳ್ತೀನಿ. ಅವಳ ಮಗನ ಜೊತೆ ನಿನ್ನನ್ನೂ ಕರ್ಕೊಂಡು ಬರ್ತಾಳೆ. ಬದಲಿಗೆ ಅವಳ ಬಟ್ಟೆ ನಾನು ಹೊಲಿದುಕೊಡ್ತೀನಿ."

"ಊರವರ ಹತ್ರ ಹೇಳ್ಕೊಂಡು ಬರ್ತಾಳಂತೆ, ನನಗೆ ಮಕ್ಕಳನ್ನ ನೋಡ್ಕೊಳೋಕೆ ಬರಲ್ಲ ಅಂತ!" ಎಂದಳು ಹಸಿಂತಾ.

"ನೆನಪಿಡೋಕೆ ಬರಲ್ಲ ಅಂತ ಹೇಳ್ತೀನಿ. ನೋಡ್ಕೊಳೋಕೆ ಬರಲ್ಲ ಅಂತಲ್ಲ."

ರಾತ್ರಿಯ ಊಟಕ್ಕೆ ಅಕ್ಕಿಯನ್ನ, ಕರಿ ಹುರುಳಿ, ಬಿಸಿ ರೊಟ್ಟಿ. ಎಲಿಸೆಯೊ ರೊಟ್ಟಿ ಮುರಿಯುತ್ತ, "ಅಮ್ಮ ಹೇಳೋದ್ರಲ್ಲೂ ಸ್ವಲ್ಪ..." ಎಂದು ತೊಡಗಿದ.

"ಆ ಸ್ವಲ್ಪ ಎಷ್ಟು ಅಂತ ಹೇಳು. ಲುಸೆರೊ ಗಾತ್ರದಷ್ಟಾ?"

"ಒಬ್ದುಲಿಯಾ ಏನು ಕೊಲ್ತಾಳಾ ಮಗೂನ?"

"ಅವಳ ಮನೇಲಿ ಹಸಿರು ತಟ್ಟೆ ಇದೆ. ಲುಸೆರೊ ಹಸಿರು ತಟ್ಟೇಲಿ ಉಣ್ಣಲ್ಲ. ನಿನ್ನ ತಂಗಿಗೆ ಅದು ಗೊತ್ತಾ? ನಿನಗೆ ಗೊತ್ತಾ?"

ಎಲಿಸೆಯೊ ಮಗಳ ಮುಂದಿದ್ದ ಬಿಳಿ ತಟ್ಟೆಯನ್ನು ನೋಡಿದ. ಅದರಲ್ಲಿ ಅನ್ನ ಒಂದು ಕಡೆ, ಹುರುಳಿ ಒಂದು ಕಡೆ; ನಡುವೆ ಗಡಿ ಕಾಯಲು ಒಂದು ಚಮಚ.

"ನನ್ನನ್ನೂ ಕಳಿಸ್ತೀರಾ?" ಎಂದ ಆಬೆಲ್.

"ನಿನ್ನನ್ನ ಯಾರು ಕರೆದ್ರು?" ಎಂದಳು ಅಜ್ಜಿ.

"ಅದಕ್ಕೇ ಕೇಳಿದ್ದು."

*

ಹಬ್ಬದ ಹಿಂದಿನ ಭಾನುವಾರ ಹಸಿಂತಾ ಮನೆಮಂದಿಗಷ್ಟೇ ಒಂದಿಷ್ಟು ತಮಾಲೆ ಮಾಡಿದಳು. ಸೊಸೆಗೆ ಕಣ್ಣಾರೆ ತೋರಿಸಲಿಕ್ಕೋ, ಚುಚ್ಚಲಿಕ್ಕೋ. ಎತ್ತರದ ಹಬೆಪಾತ್ರೆಯ ತಳಕ್ಕೆ ನೀರು ಸುರಿದು ಒಂದು ಹಳೆಯ ನಾಣ್ಯ ಹಾಕಿದಳು, ಮೇಲೆ ಜಾಲರಿ, ಅದರ ಮೇಲೆ ಸಿಪ್ಪೆಯಲ್ಲಿ ಸುತ್ತಿದ ತಮಾಲೆಗಳು. ನೀರು ಕುದಿಯುತ್ತಿರುವವರೆಗೂ ನಾಣ್ಯ ಟಣಟಣ ಕುಣಿಯುತ್ತದೆ. ಸದ್ದು ನಿಂತರೆ ನೀರು ಆರಿದೆ ಎಂದರ್ಥ. ಓಡಿ ಬಂದು ಸುರಿಯಬೇಕು.

ಸದ್ದು ಶುರುವಾದ ಕೂಡಲೇ ಲುಸೆರೊ ಕಿವಿ ಮುಚ್ಚಿಕೊಂಡು ತಾರಸಿಗೆ ಓಡಿದಳು. ಮೇಲೆ ಪೊಪೊ ಜ್ವಾಲಾಮುಖಿ ಉಗುಳಿದ ಬೂದಿ ತೆಳ್ಳಗೆ ಬಿದ್ದಿತ್ತು. ನೀರಿನ ತೊಟ್ಟಿಯ ಹಿಂದಿನ ಸಂದಿಯಲ್ಲಿ ನುಗ್ಗಿ ಕೂತಳು.

"ಒಳಗೆ ಸೂಜಿ ಇದೆ," ಎಂದಳು, ತಾಯಿ ಬಂದಾಗ.

"ಎಲ್ಲಿ?"

"ಸದ್ದಲ್ಲಿ."

ನೊಯೆಮಿ ಬೂದಿಯಲ್ಲೇ ಕೂತಳು. "ಹಬ್ಬದ ದಿನ ನಾನು ಮಾಡ್ತೀನಲ್ಲ, ಆಗ ನಾಣ್ಯ ಹಾಕಲ್ಲ."

"ಅಮ್ಮ ಮರೀತಾಳೆ," ಎಂದಳು ಲುಸೆರೊ. ದೂರಿದ್ದಲ್ಲ, ಹವಾಮಾನ ಹೇಳಿದ ಹಾಗೆ.

"ಇದನ್ನ ಮರೆಯಲ್ಲ." ನೊಯೆಮಿ ತಾರಸಿಯ ತಂತಿಯಿಂದ ಒಂದು ಹಳದಿ ಕ್ಲಿಪ್ಪು ಕಿತ್ತು ಎದೆಯ ಮೇಲೆ ಸಿಕ್ಕಿಸಿಕೊಂಡಳು.

ಕೆಳಗೆ ಬಂದು ಹೇಳಿದಾಗ ಹಸಿಂತಾ ಸೌಟು ಹಿಡಿದೇ ತಿರುಗಿದಳು. "ನಾಣ್ಯ ಇಲ್ದೆ? ಬೇರೆ ಯಾರಾದ್ರೂ ಹೇಳಿದ್ರೆ ಒಪ್ಪಬಹುದು. ನೀನು? ಪಾತ್ರೆ ಒಣಗಿ ಮನೆಗೆ ಬೆಂಕಿ ಬೀಳುತ್ತೆ!"

"ಅತ್ತೆ, ಮೆಲ್ಲಗೆ."

"ಏನು ಮೆಲ್ಲಗೆ..." ಎನ್ನುತ್ತ ಹಸಿಂತಾ ಥಟ್ಟನೆ ಬಾಯಿ ಮುಚ್ಚಿದಳು. ಪಾತ್ರೆಯ ಕಡೆ ನೋಡಿ ಶಿಲುಬೆ ಗುರುತು ಹಾಕಿಕೊಂಡಳು. ತಮಾಲೆ ಬೇಯುವಾಗ ಅದರ ಮುಂದೆ ಯಾರೂ ಸಿಟ್ಟಾಗಬಾರದು. ಸಿಟ್ಟು ಕಂಡರೆ ತಮಾಲೆ ಮುನಿಸಿಕೊಳ್ಳುತ್ತದೆ, ಎಷ್ಟು ಹೊತ್ತು ಬೇಯಿಸಿದರೂ ಹಸಿಯಾಗಿಯೇ ಉಳಿಯುತ್ತದೆ. ಹಸಿಂತಾ ಬಲವಂತವಾಗಿ ಹಲ್ಲು ಕಾಣಿಸಿ, ಸಕ್ಕರೆಯಂಥ ದನಿಯಲ್ಲಿ, "ನಿನ್ನಿಷ್ಟ ಮಗಳೇ," ಎಂದಳು.

ನೊಯೆಮಿ ಅದನ್ನು ಗಮನಿಸಿದಳು.

*

ಹಬ್ಬದ ಬೆಳಗ್ಗೆ ಹಸಿರು ಕ್ಲಿಪ್ಪು ಎಲ್ಲಕ್ಕಿಂತ ಮೊದಲು ತಂತಿಗೆ ಹೋಯಿತು. ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸಿ ಬಡಿಯುವ ಕೆಲಸ ಆಬೆಲ್‌ಗೆ. ಮನೆಯಲ್ಲಿ ಯಾರಿಗೂ ರಟ್ಟೆ ನಿಲ್ಲದ ಆ ಕೆಲಸವನ್ನು ಅವನು ಕುಣಿಯುತ್ತ, ಹಾಡುತ್ತ, ನೆಲಕ್ಕೂ ಗೋಡೆಗೂ ಹಿಟ್ಟು ಹಾರಿಸುತ್ತ ಮಾಡಿದ. ಹದ ಬಂತೇ ಎಂದು ನೋಡಲು ನೀರಿನ ಲೋಟಕ್ಕೆ ಒಂದು ಚೂರು ಹಾಕಿ, "ತೇಲಿತು! ಅಮ್ಮಾ, ತೇಲಿತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಲುಸೆರೊ ನೆನೆಸಿದ ಸಿಪ್ಪೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಳು. ನಡುವಿನಿಂದ ಒಂದನ್ನು ತೆಗೆದರೆ ಚೀರುತ್ತಿದ್ದಳು, ಹಾಗಾಗಿ ದೊಡ್ಡದರಿಂದಲೇ ಶುರುಮಾಡಬೇಕಾಯಿತು. ಮೊದಲ ತಮಾಲೆಗಳು ಮಗುವಿನ ತಲೆದಿಂಬಿನಷ್ಟಾದವು. ಹೊತ್ತು ಜಾರಿತು. ಆದರೂ ಮೋಲೆ ಗೊಜ್ಜಿನವು, ಹಸಿಮೆಣಸಿನವು, ಒಣದ್ರಾಕ್ಷಿಯ ಗುಲಾಬಿ ಸಿಹಿಯವು, ಎಲ್ಲ ಪಾತ್ರೆಯ ಪಕ್ಕಕ್ಕೆ ಸಾಲಾಗಿ ಬಂದವು.

ಪಾತ್ರೆಗೆ ತುಂಬುವ ಹೊತ್ತಿಗೆ ಬೀದಿಬಾಗಿಲು ಬಡಿದ ಸದ್ದು. ಇನೆಸ್ ತನ್ನ ಬಾಲಯೇಸುವನ್ನು ಎದೆಗವಚಿಕೊಂಡು ನಿಂತಿದ್ದಳು. "ಕಿರೀಟ ನಿಲ್ತಿಲ್ಲ ಕಣೇ, ಒಂದು ಹೊಲಿಗೆ!" ನೊಯೆಮಿ ಓಡಿಹೋಗಿ ಹೊಲಿಗೆ ಹಾಕಿ ಓಡಿಬಂದಳು. ಅಷ್ಟರಲ್ಲಿ ಅತ್ತೆ ನೀರು ಸುರಿದು, ಜಾಲರಿ ಇಟ್ಟು, ತಮಾಲೆ ತುಂಬಿ ಮುಚ್ಚಳ ಹಾಕಿ ಆಗಿತ್ತು.

"ನಿನಗೆ ಹೊತ್ತಾಗುತ್ತೆ ಅಂತ," ಎಂದಳು ಹಸಿಂತಾ, ಕೈ ಒರೆಸುತ್ತ.

ಸಹಾಯವೆಂದುಕೊಂಡು ನೊಯೆಮಿ ಥ್ಯಾಂಕ್ಸ್ ಹೇಳಿದಳು. ಲುಸೆರೊ ಹೆಡ್‌ಫೋನು ತೆಗೆದು ಕಿಟಕಿಯ ಮೇಲಿಟ್ಟಿದ್ದಳು. ಅಮ್ಮ ನಾಣ್ಯ ಇಲ್ಲ ಅಂದಿದ್ದಾಳಲ್ಲ.

ಒಬ್ದುಲಿಯಾ ಎಲ್ಲರಿಗಿಂತ ಮೊದಲೇ ಬಂದಳು. ಕೈಯಲ್ಲಿ ಒಂದು ಹೊಸ ಸೂಟ್‌ಕೇಸು, ಚಿಕ್ಕದು, ಮಕ್ಕಳದ್ದು. ಅದನ್ನು ಬಾಗಿಲ ಪಕ್ಕ ಇಟ್ಟು, "ಖಾಲಿ ಇದೆ. ಸುಮ್ಮನೆ ತಂದೆ," ಎಂದಳು.

ಆಗ ಪಾತ್ರೆ ಕುದಿಯಿತು. ಟಣ್. ಟಣ್ ಟಣ್. ಟಣಟಣಟಣ.

ಲುಸೆರೊಳ ಬಾಯಿಂದ ಬಂದ ಕೂಗಿಗೆ ಆಬೆಲ್ ಕೂಡ ನಿಂತಲ್ಲೇ ನಿಂತ. ಅವಳು ತಾಯಿಯನ್ನು ಒಮ್ಮೆ ನೋಡಿ, ಮೆಟ್ಟಿಲೇರಿ ಓಡಿದಳು. ಎಲಿಸೆಯೊ ಅವಳ ಹಿಂದೆ ಓಡಿದ. ಮೇಲಿನಿಂದ ಒಂದೇ ಮಾತು ಕೇಳುತ್ತಿತ್ತು: "ಅಮ್ಮ ಇಲ್ಲ ಅಂದಿದ್ಲು! ಅಮ್ಮ ಇಲ್ಲ ಅಂದಿದ್ಲು!"

ನೊಯೆಮಿ ಎದೆಯ ಮೇಲಿನ ಹಳದಿ ಕ್ಲಿಪ್ಪನ್ನು ಮುಟ್ಟಿಕೊಂಡಳು. ಅತ್ತೆಯ ಕಡೆ ತಿರುಗಿದಳು.

"ನಿನ್ನ ಒಳ್ಳೇದಕ್ಕೇ ಹಾಕಿದ್ದು," ಎಂದಳು ಹಸಿಂತಾ. "ನೀನು ಮರೆತ್ರೆ ಎಲ್ಲ ಹಾಳಾಗುತ್ತೆ ಅಂತ."

"ಆ ಹೆಡ್‌ಫೋನು ತಗೊಂಡು ಹೋಗಿ ತಲೆಗೆ ಹಾಕಿ, ಮುಗೀತು," ಎಂದಳು ಒಬ್ದುಲಿಯಾ. "ಅದಕ್ಕೇನು ಇಷ್ಟು?"

ನೊಯೆಮಿ ಒಲೆ ಆರಿಸಿದಳು. ಬಟ್ಟೆ ಹಿಡಿದು ಮುಚ್ಚಳ ಎತ್ತಿದಳು. ಹಬೆ ಮುಖಕ್ಕೆ ಬಡಿಯಿತು.

"ಅಯ್ಯಯ್ಯೋ, ಮುಚ್ಚಳ ತೆಗೀಬೇಡ!" ಹಸಿಂತಾ ಕಿರುಚಿದಳು. "ನಡುವೆ ತೆಗೆದ್ರೆ ಬೇಯೋದೇ ಇಲ್ಲ! ಜನ ಈಗ ಬರ್ತಾರೆ! ಹೊತ್ತಿಗೆ ಆಗ್ಲಿಲ್ಲ ಅಂದ್ರೆ ಏನು ಮಾತಾಗಿತ್ತು ಮರೆತ್ಯಾ?"

"ಮೆಲ್ಲಗೆ ಅತ್ತೆ," ಎಂದಳು ನೊಯೆಮಿ, ತಮಾಲೆಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಜೋಡಿಸುತ್ತ. "ನಗ್ತಾ ಮಾತಾಡಿ. ತಮಾಲೆಗೆ ಕೇಳಿಸುತ್ತೆ."

ಹಸಿಂತಾಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

"ನಾನೂ ನಗ್ತಾನೇ ಹೇಳ್ತೀನಿ." ನೊಯೆಮಿ ನಿಜವಾಗಿಯೂ ನಗುತ್ತಿದ್ದಳು, ಹಬೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. "ಆ ಮಗೂಗೆ ನಾನು ಎಷ್ಟೋ ಮಾತು ಕೊಟ್ಟು ಮರೆತಿದ್ದೀನಿ. ಶಾಲೆಯ ಹಬ್ಬಕ್ಕೆ ರೆಕ್ಕೆ ಹೊಲೀತೀನಿ ಅಂದೆ, ಮರೆತೆ. ಇದೊಂದನ್ನ ಮರೀಲಿಲ್ಲ. ಎದೆ ಮೇಲೆ ಹಾಕ್ಕೊಂಡು ತಿರುಗಿದ್ದೀನಿ. ಅದನ್ನ ನೀವು ಮುರಿದ್ರಿ. ನನ್ನ ಒಳ್ಳೇದಕ್ಕೆ."

"ನೊಯೆಮಿ, ನೀನು..." ಎಂದಳು ಒಬ್ದುಲಿಯಾ.

"ನೀನೂ ನಗು, ಒಬ್ದುಲಿಯಾ. ಹಲ್ಲು ಕಾಣಿಸ್ಲಿ. ಹಾಂ, ಹಾಗೆ."

ಜಾಲರಿ ಎತ್ತಿ, ಸೌಟು ಇಳಿಸಿ ನಾಣ್ಯವನ್ನು ಹೊರತೆಗೆದಳು. ತಣ್ಣೀರಿನಲ್ಲಿ ಅದ್ದಿ ಅತ್ತೆಯ ಅಂಗೈಯಲ್ಲಿಟ್ಟಳು.

"ನೀವೂ ಮರೀತೀರಿ ಅತ್ತೆ. ಅದಕ್ಕೇ ಪಾತ್ರೇಲಿ ನಾಣ್ಯ ಹಾಕ್ತೀರಿ. ನಿಮ್ಮಮ್ಮನೂ ಹಾಕ್ತಿದ್ರಂತೆ. ಅದಕ್ಕೆ ಈ ಊರಲ್ಲಿ ಯಾರೂ ನಗಲ್ಲ. ನನ್ನ ಕ್ಲಿಪ್ಪಿಗೆ ಮಾತ್ರ ನಗ್ತೀರಿ. ಇದು ನಿಮ್ಮ ಕ್ಲಿಪ್ಪು, ನಿಮ್ಮ ಹತ್ರನೇ ಇಟ್ಕೊಳ್ಳಿ."

ಮತ್ತೆ ತಮಾಲೆ ತುಂಬಿ, ಒಲೆ ಹೊತ್ತಿಸಿ, ಅವಳು ಮೇಲೆ ಹೋದಳು. ತೊಟ್ಟಿಯ ಸಂದಿಯ ಮುಂದೆ ಎಲಿಸೆಯೊ ಮಂಡಿಯೂರಿ ಕೂತಿದ್ದ. ಹಬ್ಬದ ಅಂಗಿಯ ತುಂಬ ಬೂದಿ.

"ತೆಗೆದೆ," ಎಂದಳು ನೊಯೆಮಿ ಸಂದಿಯೊಳಕ್ಕೆ. "ಪಾತ್ರೆ ಬಿಚ್ಚಿ ತೆಗೆದೆ. ಬಂದು ಕೇಳು ಬೇಕಾದ್ರೆ."

ಸಂದಿಯಲ್ಲಿ ಬೂದಿ ಸರಿದ ಸದ್ದಾಯಿತು. ಆಮೇಲೆ ಒಂದು ಕಾಲು ಹೊರಬಂತು.

*

ಚರ್ಚಿನಿಂದ ಜನ ಬಂದಾಗ ಮೇಜಿನ ಮೇಲೆ ತಮಾಲೆ ಇರಲಿಲ್ಲ. ಬುಟ್ಟಿಗಳಲ್ಲಿ ಜರಿಯಂಗಿಯ ಬಾಲಯೇಸುಗಳು, ಹಸಿದ ಚಿಕ್ಕಪ್ಪಂದಿರು, ಅಳುವ ಕೂಸುಗಳು. ನೊಯೆಮಿ ಬಾಗಿಲಲ್ಲೇ ನಿಂತು ಸಾರಿದಳು: "ತಮಾಲೆ ತಡ. ಕಾರಣ ಇದೆ, ಹೇಳಲ್ಲ. ಬಿಸಿ ಚಾಕಲೇಟು ಗಂಜಿ ಇದೆ, ಕುಡೀರಿ. ಯಾರೂ ಸಿಟ್ಟಾಗೋ ಹಾಗಿಲ್ಲ, ಪಾತ್ರೆ ಒಲೆ ಮೇಲಿದೆ."

ಜನ ನಕ್ಕರು. ಒಬ್ಬ ಚಿಕ್ಕಪ್ಪ, "ಮುಂದಿನ ವರ್ಷ ಗೊಂಬೆ ನುಂಗಿಬಿಡು ತಾಯಿ," ಎಂದ.

"ನುಂಗೋ ಅಭ್ಯಾಸ ಬಿಟ್ಟಿದ್ದೀನಿ," ಎಂದಳು ನೊಯೆಮಿ.

ಅಡುಗೆಮನೆಗೆ ಬಂದರೆ ಹಸಿಂತಾ ಮಣೆ ಎಳೆದುಕೊಂಡು ಪಾತ್ರೆಯ ಪಕ್ಕ ಕೂತಿದ್ದಳು. ಪಾತ್ರೆಯ ಎರಡು ಕಿವಿಗೂ ಸಿಪ್ಪೆಯ ಸೀಳಿನ ಗಂಟು ಕಟ್ಟಿದ್ದಳು; ಮುನಿದ ತಮಾಲೆಯನ್ನು ಒಲಿಸಲು ಹಾಗೆ ಕಟ್ಟುತ್ತಾರೆ. ತಲೆಯನ್ನು ಪಾತ್ರೆಯ ಕಡೆ ವಾಲಿಸಿ ನೀರಿನ ಸದ್ದು ಕೇಳುತ್ತಿದ್ದಳು. ಸೊಸೆಯನ್ನು ನೋಡಲಿಲ್ಲ.

"ನೀರು ನಾನು ನೋಡ್ಕೋತೀನಿ. ಹೋಗು, ನಿನಗೆ ನೆನಪಿರಲ್ಲ."

"ಇರಲ್ಲ," ಎಂದಳು ನೊಯೆಮಿ. "ನೀವು ನೋಡ್ಕೊಳ್ಳಿ."

ಕತ್ತಲಾಗುವ ಹೊತ್ತಿಗೆ ತಮಾಲೆ ಇಳಿಯಿತು. ತಲೆದಿಂಬಿನಂಥವು ನಡುವೆ ಹಸಿಯಾಗಿದ್ದವು, ಉಳಿದವು ಬೆಂದಿದ್ದವು. ಹಸಿದ ಜನ ಎರಡನ್ನೂ ತಿಂದರು. ಹಸಿಂತಾ ಒಂದನ್ನು ಬಿಚ್ಚಿ, ಮೂಸಿ, ಅಗಿದು, "ಉಪ್ಪು ಕಡಿಮೆ," ಎಂದಳು. ಇನ್ನೊಂದು ತೆಗೆದುಕೊಂಡಳು.

ಒಬ್ದುಲಿಯಾ ಹೊರಡಲು ಎದ್ದಳು. "ಹಾಗಾದ್ರೆ," ಎಂದಳು ಎಲ್ಲರೆದುರು, "ಮಾತು ಮಾತೇ. ಹೊತ್ತಿಗೆ ಆಗ್ಲಿಲ್ಲ."

"ಆಗ್ಲಿಲ್ಲ," ಎಂದಳು ನೊಯೆಮಿ. "ಮುಂದಿನ ವರ್ಷವೂ ಆಗದೇ ಇರಬಹುದು. ಶಾಲೆಗೆ ತಡವಾಗುತ್ತೆ, ಹುರುಳಿ ಸುಡುತ್ತೆ, ಬೂಟು ಕಳೆಯುತ್ತೆ. ಮಗು ಮಾತ್ರ ಇಲ್ಲೇ ಇರ್ತಾಳೆ. ತಮಾಲೆ ಬೆಂದ್ರೂ ಇಲ್ಲೇ, ಬೇಯದಿದ್ರೂ ಇಲ್ಲೇ. ಆ ಮಾತು ನೀವು ಆಡಿದ್ದು, ನಾನು ಒಪ್ಪಿದ್ದು ಯಾವಾಗ?"

ಒಬ್ದುಲಿಯಾ ತಾಯಿಯ ಕಡೆ ನೋಡಿದಳು. ಹಸಿಂತಾ ಬೆರಳಿಗಂಟಿದ ಹಿಟ್ಟನ್ನು ನೆಕ್ಕುವುದರಲ್ಲಿ ಮುಳುಗಿದ್ದಳು. ಅಣ್ಣನ ಕಡೆ ನೋಡಿದಳು.

ಎಲಿಸೆಯೊ ಎದ್ದು ಬಾಗಿಲ ಪಕ್ಕದ ಸೂಟ್‌ಕೇಸನ್ನು ತಂದು ಮೇಜಿನ ಮೇಲಿಟ್ಟ. ನೊಯೆಮಿಯ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿಯಿತು. ಅವನು ಅದನ್ನು ತೆರೆದು, ಒಳಗೆ ಒಂದು ಬಟ್ಟೆ ಹಾಸಿ, ಬಿಸಿ ತಮಾಲೆಗಳನ್ನು ಜೋಡಿಸತೊಡಗಿದ.

"ಖಾಲಿ ಒಯ್ಯಬಾರದು," ಎಂದ ತಂಗಿಗೆ. "ಮಗಳೇ, ದೊಡ್ಡದು ಮೊದಲಾ, ಚಿಕ್ಕದು ಮೊದಲಾ?"

"ದೊಡ್ಡದು," ಎಂದಳು ಲುಸೆರೊ ಮೇಜಿನ ಕೆಳಗಿನಿಂದ.

ಸೂಟ್‌ಕೇಸು ಹಬೆಯಾಡುತ್ತ ಅಟ್ಲಿಸ್ಕೋಗೆ ಹೋಯಿತು. ನೊಯೆಮಿ ಅಂಗಳಕ್ಕೆ ಬಂದು ಹಳದಿ ಕ್ಲಿಪ್ಪನ್ನು ಎದೆಯಿಂದ ಬಿಚ್ಚಿ ತಂತಿಗೆ ಸಿಕ್ಕಿಸಿದಳು. ಒಳಗಿನಿಂದ ಅತ್ತೆಯ ದನಿ ಬೀದಿ ದಾಟುವಂತೆ ಕೇಳಿಸಿತು. ಪಾತ್ರೆ ಇಳಿದಿತ್ತಲ್ಲ, ಇನ್ನು ಭಯವಿರಲಿಲ್ಲ.

"ನೊಯೆಮೀ! ಗಂಜಿಯ ಒಲೆ ಯಾರು ಆರಿಸ್ಬೇಕೇ?"

"ಬಂದೆ!" ಎಂದು ಅವಳೂ ಅಷ್ಟೇ ಜೋರಾಗಿ ಕೂಗಿದಳು.